ಬರದಲ್ಲಿ ಚಿಗುರುವ ವಸಂತ

ತಪಸ್ಸುಕಾಲ ಬಂತೆಂದರೆ ಕ್ರೈಸ್ತರ ಪ್ರವಚನಗಳಲ್ಲಿ, ಧ್ಯಾನದ ಪುಸ್ತಕಗಳಲ್ಲಿ ವಸಂತದ ಮಾತು ತಪ್ಪದೆ ಬರುತ್ತದೆ. ಆತ್ಮಕ್ಕೂ ಒಂದು ಚಳಿಗಾಲವಿದೆ, ಈ 40 ದಿನಗಳಲ್ಲಿ ಅದು ಕರಗುತ್ತದೆ, ಕ್ರಿಸ್ತನ ಪುನರುತ್ಥಾನವನ್ನು ನೆನೆಯುವ ಪಾಸ್ಖ ಹಬ್ಬದ ಹೊತ್ತಿಗೆ ಬದುಕು ಹೂಬಿಡುತ್ತದೆ ಎನ್ನುವುದು ಆ ಮಾತಿನ ಸಾರ. ಕೇಳಲು ಹಿತವಾಗಿದೆ. ಆದರೆ ಅದೇ ದಿನಗಳಲ್ಲಿ ಕಥೋಲಿಕ ಚರ್ಚೊಂದಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಹೂವಿಲ್ಲದ ಬಲಿಪೀಠ. ತಪಸ್ಸುಕಾಲದಲ್ಲಿ ಪೀಠವನ್ನು ಹೂವಿನಿಂದ ಅಲಂಕರಿಸಬಾರದೆಂದು ಆರಾಧನೆಯ ನಿಯಮವೇ ಹೇಳುತ್ತದೆ. ನಾಲ್ಕನೆಯ ಭಾನುವಾರಕ್ಕೂ ನಡುವೆ ಬರುವ ಹಬ್ಬಗಳಿಗೂ ಮಾತ್ರ ವಿನಾಯಿತಿ. ಗುರುಗಳ ಉಡುಪು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅಲ್ಲೆಲೂಯ ನಿಲ್ಲುತ್ತದೆ, ವಾದ್ಯಗಳು ಹಾಡಿಗೆ ಆಸರೆಯಾಗುವಷ್ಟಕ್ಕೆ ತಗ್ಗುತ್ತವೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ಹಣೆಗೆ ಹಚ್ಚುವ ಬೂದಿ ಕೂಡ ಹಿಂದಿನ ವರ್ಷದ ಗರಿಗಳ ಭಾನುವಾರ ಜನ ಕೈಯಲ್ಲಿ ಹಿಡಿದಿದ್ದ ಗರಿಗಳನ್ನು ಸುಟ್ಟದ್ದು. ಬಾಯಲ್ಲಿ ವಸಂತವೆನ್ನುತ್ತಾ ಕೈಯಿಂದ ಹೂವನ್ನು ತೆಗೆದಿಡುವ ಈ ನಡೆ ಒಂದಕ್ಕೊಂದು ಹೊಂದದ್ದು ಎಂದು ಮೇಲ್ನೋಟಕ್ಕೆ ತೋರುತ್ತದೆ. ಎರಡೂ ಹೊಂದುತ್ತವೆ, ಚೆನ್ನಾಗಿಯೇ ಹೊಂದುತ್ತವೆ ಎನ್ನುವುದು ನನ್ನ ವಾದ. ತಪಸ್ಸುಕಾಲವನ್ನು ವಸಂತಕ್ಕೆ ಹೋಲಿಸುವುದರಲ್ಲಿ ತಪ್ಪಿಲ್ಲ. ವಸಂತವನ್ನು ಹೂವಿನ ಹಬ್ಬವೆಂದಷ್ಟೇ ತಿಳಿಯುವುದರಲ್ಲಿ ತಪ್ಪಿದೆ. ಮರಗಿಡಗಳ ಪಾಲಿಗೆ ಅದು ಗಳಿಕೆಗಿಂತ ಮೊದಲು ಖರ್ಚಿನ ಕಾಲ. ಇದ್ದದ್ದನ್ನು ಕೊಟ್ಟು, ಇನ್ನೂ ಬಾರದುದಕ್ಕೆ ಕಾಯುವ ಕಾಲ.

ಸೇಬಿನ ಮರವನ್ನೇ ತೆಗೆದುಕೊಳ್ಳೋಣ. ಕಾಶ್ಮೀರದಲ್ಲೋ ಹಿಮಾಚಲದಲ್ಲೋ ಏಪ್ರಿಲ್ ಹೊತ್ತಿಗೆ ಅರಳುವ ಹೂವಿನ ಮೊಗ್ಗು ಆ ವಸಂತದ ಸಂಪಾದನೆಯೇನೂ ಅಲ್ಲ. ಹಿಂದಿನ ಬೇಸಿಗೆಯಲ್ಲೇ ಅದು ರೂಪುಗೊಂಡು, ಗಟ್ಟಿ ಹೊದಿಕೆಯೊಳಗೆ ಮುಚ್ಚಿಕೊಂಡು ಕೂತಿರುತ್ತದೆ. ಅದು ತೆರೆದುಕೊಳ್ಳಬೇಕಾದರೆ ನೂರಾರು ಗಂಟೆ, ಹಲವು ತಳಿಗಳಿಗೆ 1000 ಗಂಟೆಗೂ ಮಿಕ್ಕಿ, ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ತಾಗಿರಬೇಕು. ಚಳಿ ಸಾಲದ ವರ್ಷ ಹೂವು ಅಲ್ಲೊಂದು ಇಲ್ಲೊಂದು ಹೊತ್ತುಗೊತ್ತಿಲ್ಲದೆ ಬಿಟ್ಟು ಫಸಲು ಕೆಡುತ್ತದೆ. ಚಳಿಗಾಲವನ್ನು ವಸಂತದ ಶತ್ರುವೆಂದು ಹೇಳುವವರು ಈ ಗಂಟೆಗಳ ಲೆಕ್ಕವನ್ನು ಒಮ್ಮೆ ನೋಡಬೇಕು. ಇನ್ನು ಚಿಗುರೊಡೆಯುವ ಗಳಿಗೆಯ ಮಾತು. ಎಲೆಯಿಲ್ಲದ ಮರ ಬಿಸಿಲಿನಿಂದ ಆಹಾರ ಮಾಡಿಕೊಳ್ಳಲಾರದು. ಮೊದಲ ಎಲೆಗೆ ಬೇಕಾದುದೆಲ್ಲ ಬೇರು, ಕಾಂಡ, ಕೊಂಬೆಗಳಲ್ಲಿ ಹಿಂದಿನ ವರ್ಷ ಕೂಡಿಟ್ಟ ಪಿಷ್ಟದಿಂದಲೇ ಬರಬೇಕು. ಹೀಗಾಗಿ ಇಂಥ ಮರದ ಉಗ್ರಾಣ ತೀರ ಬರಿದಾಗುವುದು ನಡುಚಳಿಗಾಲದಲ್ಲಲ್ಲ, ಎಲೆ ಬಿಚ್ಚಿಕೊಳ್ಳುವ ದಿನಗಳಲ್ಲಿ. ನೋಡುವವರ ಕಣ್ಣಿಗೆ ಅದು ಸಮೃದ್ಧಿ. ಮರದ ಒಳಗೆ ಅದು ಉಪವಾಸ. ಆ ಹೊತ್ತಿನಲ್ಲಿ ಹಿಮ ಬಿದ್ದು ಚಿಗುರು ಸುಟ್ಟುಹೋದರೆ ಮರ ಮತ್ತೆ ಎಲೆ ಬಿಡಬಹುದು, ಆದರೆ ಉಳಿದಿರುವ ಅಷ್ಟಿಷ್ಟನ್ನೂ ಅದಕ್ಕೆ ಸುರಿಯಬೇಕಾಗುತ್ತದೆ.

ಯುರೋಪಿನ ಹಳ್ಳಿಗಳ ಬದುಕೂ ಈ ಲೆಕ್ಕಕ್ಕೆ ಹತ್ತಿರವಾಗಿಯೇ ಇತ್ತು. ಮಧ್ಯಯುಗದಲ್ಲಿ ಪಶ್ಚಿಮ ಯುರೋಪಿನ ತಪಸ್ಸುಕಾಲವೆಂದರೆ ಮಾಂಸ ಇಲ್ಲ, ಸಾಮಾನ್ಯವಾಗಿ ಮೊಟ್ಟೆ, ಹಾಲು, ಬೆಣ್ಣೆಯೂ ಇಲ್ಲ. ಶರತ್ಕಾಲದಲ್ಲಿ ಉಪ್ಪು ಹಾಕಿಟ್ಟ ಮಾಂಸ ಮುಗಿಯುತ್ತಾ ಬಂದಿರುತ್ತಿತ್ತು, ಹೊಲದಲ್ಲಿ ಹೊಸದೇನೂ ಕೈಗೆ ಬಂದಿರುತ್ತಿರಲಿಲ್ಲ. ಹಗಲು ಉದ್ದವಾಗುತ್ತಿದ್ದಂತೆ ಕೋಳಿಗಳು ಮಾತ್ರ ಮತ್ತೆ ಮೊಟ್ಟೆಯಿಡಲು ತೊಡಗುತ್ತಿದ್ದವು. ತಿನ್ನುವಂತಿಲ್ಲದ ಆ ಮೊಟ್ಟೆಗಳು ಕೂಡುತ್ತಾ ಹೋಗಿ ಪಾಸ್ಖದ ದಿನ ಬಣ್ಣ ಬಳಿದುಕೊಂಡು ಹೊರಬರುತ್ತಿದ್ದವು. ಇದನ್ನು ನೋಡಿ, ಉಪವಾಸವೆಂಬುದು ಕೊರತೆಗೆ ಹೊದಿಸಿದ ಧಾರ್ಮಿಕ ಬಟ್ಟೆ ಎನ್ನುವವರಿದ್ದಾರೆ. ಚರಿತ್ರೆ ಅದನ್ನು ಒಪ್ಪುವುದಿಲ್ಲ. ಪಾಸ್ಖಕ್ಕೆ ಮುಂಚಿನ ಉಪವಾಸ ಹುಟ್ಟಿದ್ದು ಉತ್ತರದ ಹಿಮದ ನಾಡಿನಲ್ಲಲ್ಲ, ಮೆಡಿಟರೇನಿಯನ್ ಸುತ್ತಲಿನ ಊರುಗಳಲ್ಲಿ. ಅದು 40 ದಿನಗಳಿಗೆ ಬೆಳೆದದ್ದು ನಾಲ್ಕನೆಯ ಶತಮಾನದಲ್ಲಿ, ಕ್ರಿ.ಶ. 325ರ ನಿಸಿಯಾ ಮಹಾಸಭೆಯ ಐದನೆಯ ನಿಯಮದಲ್ಲಿ ಆ 40ರ ಹೆಸರು ಬರುತ್ತದೆ. ಆ ದಿನಗಳ ಮುಖ್ಯ ಉದ್ದೇಶಗಳಲ್ಲೊಂದು, ಪಾಸ್ಖದ ರಾತ್ರಿ ದೀಕ್ಷಾಸ್ನಾನ ಪಡೆಯಲಿದ್ದವರನ್ನು ಸಿದ್ಧಪಡಿಸುವುದು. ಹಸಿವೆಯ ತಿಂಗಳೂ ಉಪವಾಸದ ತಿಂಗಳೂ ಉತ್ತರದಲ್ಲಿ ಜೊತೆಗೂಡಿದ್ದು ಆಮೇಲೆ. ಜೊತೆಗೂಡಿದ್ದರಿಂದ ಬಡವನಿಗೆ ಒಂದು ಮರ್ಯಾದೆ ಸಿಕ್ಕಿತೆಂಬುದು ನಿಜ. ಅವನ ಖಾಲಿ ತಟ್ಟೆಯನ್ನು ಉಳ್ಳವನೂ ಕೆಲವು ವಾರವಾದರೂ ಹಂಚಿಕೊಳ್ಳಬೇಕಾಗುತ್ತಿತ್ತು.

ವಸಂತದ ಹೋಲಿಕೆ ಎಷ್ಟು ಹಳೆಯದೆಂದು ತಿಳಿಯಲು ಜೆರುಸಲೇಮಿಗೆ ಹೋಗಬೇಕು. ಕ್ರಿ.ಶ. 350ರ ಸುಮಾರಿಗೆ ಅಲ್ಲಿ ಸಿರಿಲ್ ಎಂಬ ಧರ್ಮಗುರು, ಕ್ರಿಸ್ತನ ಸಮಾಧಿಯ ಮೇಲೆ ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿದ ದೇವಾಲಯದಲ್ಲಿ, ದೀಕ್ಷೆಗೆ ಹೆಸರು ಕೊಟ್ಟವರಿಗೆ ತಪಸ್ಸುಕಾಲದುದ್ದಕ್ಕೂ ಪಾಠ ಹೇಳಿದ. ಆ ಪಾಠಗಳಲ್ಲಿ ಹದಿನಾಲ್ಕನೆಯದು ಪುನರುತ್ಥಾನದ ಬಗ್ಗೆ. ಪ್ರಭು ಎದ್ದುಬಂದದ್ದು ಯಾವ ಋತುವಿನಲ್ಲಿ ಎಂದು ಅವನು ಕೇಳುಗರನ್ನು ಕೇಳುತ್ತಾನೆ. ಜಗತ್ತಿನ ಸೃಷ್ಟಿಯೂ ಇದೇ ಋತುವಿನಲ್ಲಿ, ಗುಲಾಮಗಿರಿಯಿಂದ ಇಸ್ರೇಲರ ಬಿಡುಗಡೆಯೂ ಇದೇ ತಿಂಗಳಲ್ಲಿ ಎಂದು ನೆನಪಿಸುತ್ತಾನೆ. ಭೂಮಿ ಹೂವಿನಿಂದ ತುಂಬಿದೆಯಲ್ಲವೇ ಎಂದ ಉಸಿರಿನಲ್ಲೇ, ದ್ರಾಕ್ಷಿ ಬಳ್ಳಿಗಳನ್ನು ಸವರುತ್ತಿದ್ದಾರಲ್ಲವೇ ಎಂದೂ ಕೇಳುತ್ತಾನೆ. ಈ ಎರಡನೆಯ ಪ್ರಶ್ನೆ ನನಗೆ ಬಹಳ ಮುಖ್ಯ. ಅವನ ಕೇಳುಗರು ಬೆಟ್ಟದ ಇಳಿಜಾರಿನ ತೋಟಗಳ ಜನ. ಸವರುವುದೆಂದರೆ ಏನೆಂದು ಅವರಿಗೆ ಗೊತ್ತು. ಕಳೆದ ವರ್ಷ ಬೆಳೆದ ಬಳ್ಳಿಯ ಬಹುಭಾಗ ಕತ್ತಿಯ ಪಾಲಾಗುತ್ತದೆ, ಎರಡು ಮೂರು ಗೆಣ್ಣುಗಳ ಗಿಡ್ಡ ಕಡ್ಡಿಗಳಷ್ಟೇ ಉಳಿಯುತ್ತವೆ. ಕತ್ತರಿಸಿದ ಗಾಯದಿಂದ ಕೆಲವು ದಿನ ನೀರು ತೊಟ್ಟಿಕ್ಕುತ್ತದೆ, ಏಕೆಂದರೆ ಬೇರು ಆಗಲೇ ನೀರನ್ನು ಮೇಲಕ್ಕೆ ತಳ್ಳಲು ಶುರುಮಾಡಿರುತ್ತದೆ. ಬಳ್ಳಿ ಸತ್ತಿಲ್ಲವೆಂಬುದಕ್ಕೆ ಮೊದಲ ಸಾಕ್ಷಿ ಆ ಗಾಯದ ಹನಿ, ಹಸಿರು ಕಾಣಿಸಿಕೊಳ್ಳುವುದು ಆಮೇಲೆ. ಯೊವಾನ್ನನ ಶುಭಸಂದೇಶದಲ್ಲಿ ಯೇಸು ತನ್ನನ್ನು ಬಳ್ಳಿಗೂ ತಂದೆಯನ್ನು ತೋಟಗಾರನಿಗೂ ಹೋಲಿಸಿಕೊಂಡಾಗ, ಫಲ ಕೊಡುವ ಕೊಂಬೆಗೂ ಕತ್ತಿ ತಪ್ಪದು ಎಂದದ್ದು ಇದೇ ಅರ್ಥದಲ್ಲಿ. ಪ್ರಯೋಜನವಿಲ್ಲದ್ದನ್ನು ತೆಗೆಯುವುದು ಸುಲಭ. ತಪಸ್ಸುಕಾಲ ಕೇಳುವುದು ಅದಕ್ಕಿಂತ ಹೆಚ್ಚಿನದನ್ನು, ಚೆನ್ನಾಗಿಯೇ ಬೆಳೆದದ್ದನ್ನೂ ಮುಂದಿನ ಫಲಕ್ಕಾಗಿ ಬಿಟ್ಟುಕೊಡುವುದನ್ನು.

ಪ್ಯಾಲೆಸ್ಟೈನಿನ ಬೇಸಾಯದ ಕ್ರಮ ತಿಳಿದರೆ ಶುಭಸಂದೇಶದ ಇನ್ನೊಂದು ಮಾತೂ ಬೇರೆಯಾಗಿ ಕೇಳಿಸುತ್ತದೆ. ಅಲ್ಲಿ ಮಳೆ ಚಳಿಗಾಲದ್ದು. ಗೋಧಿ, ಜವೆಗೋಧಿ ಎರಡನ್ನೂ ಚಳಿಗಾಲದ ಮೊದಲ ಮಳೆಗೆ ಬಿತ್ತುತ್ತಾರೆ. ಪಾಸ್ಖದ ಹೊತ್ತಿಗೆ ಜವೆಗೋಧಿ ಕೊಯ್ಲಿಗೆ ಬರುತ್ತದೆ, ಗೋಧಿ ಇನ್ನೂ ಹೊಲದಲ್ಲಿ ಕಾಳುಕಟ್ಟುತ್ತಿರುತ್ತದೆ. ತನ್ನ ಸಾವಿಗೆ ಕೆಲವೇ ದಿನ ಮುಂಚೆ ಯೇಸು, ಮಣ್ಣಿಗೆ ಬಿದ್ದು ಸಾಯದ ಗೋಧಿಕಾಳು ಒಂಟಿಯಾಗಿಯೇ ಉಳಿಯುತ್ತದೆ ಎಂಬ ಅರ್ಥದ ಮಾತಾಡಿದ್ದು ಹೊಲಗಳು ಹೀಗಿದ್ದ ದಿನಗಳಲ್ಲೇ. ಕಥೋಲಿಕರ ಮೂರು ವರ್ಷಗಳ ವಾಚನ ಚಕ್ರದಲ್ಲಿ ಎರಡನೆಯ ವರ್ಷ, ತಪಸ್ಸುಕಾಲದ ಐದನೆಯ ಭಾನುವಾರ ಈ ಭಾಗವನ್ನು ಓದುತ್ತಾರೆ. ಕೇಳುಗರ ಸುತ್ತ ನಿಂತಿದ್ದದ್ದು ಪೈರು, ಅವರಿಗೆ ಅವನು ತೋರಿಸಿದ್ದು ಐದಾರು ತಿಂಗಳ ಹಿಂದೆ ಮಣ್ಣಿನಲ್ಲಿ ಕಾಣೆಯಾದ ಬೀಜವನ್ನು. ಕೊಯ್ಲಿನ ಮುಂದೆ ನಿಂತು ಬಿತ್ತನೆಯ ಕಡೆಗೆ ಬೊಟ್ಟು ಮಾಡಿದ ಆ ಮಾತಿನಲ್ಲಿ ನಾನು ಹೇಳಹೊರಟಿರುವುದೆಲ್ಲ ಅಡಗಿದೆ. ಕಾಳು ತನ್ನೊಳಗಿನ ಹಿಟ್ಟನ್ನೆಲ್ಲ ಮೊಳಕೆಗೆ ಕೊಟ್ಟು ಜಳ್ಳಾಗುತ್ತದೆ. ತನ್ನನ್ನು ಹಾಗೆಯೇ ಉಳಿಸಿಕೊಂಡು ಪೈರಾಗುವ ದಾರಿ ಅದಕ್ಕಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಭೂಮಿಯ ಅರ್ಧ ಭಾಗಕ್ಕೆ ಈ ಹೋಲಿಕೆ ಹೊಂದುವುದೇ ಇಲ್ಲವಲ್ಲ? ಅರ್ಜೆಂಟೀನಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ತಪಸ್ಸುಕಾಲವೆಂದರೆ ಬೇಸಿಗೆ ಕಳೆದು ಎಲೆ ಉದುರುವ ಹೊತ್ತು. ಜಗತ್ತಿನಲ್ಲೇ ಅತಿ ಹೆಚ್ಚು ಕಥೋಲಿಕರಿರುವ ಬ್ರೆಜಿಲ್ ಕೂಡ ಬಹುಮಟ್ಟಿಗೆ ದಕ್ಷಿಣಾರ್ಧ ಗೋಳದ್ದೇ. ಆಕ್ಷೇಪ ನ್ಯಾಯವಾದದ್ದು, ಹೂವಿನ ವಸಂತಕ್ಕೆ ಅದು ಮಾರಕವೂ ಹೌದು. ಬ್ರೆಜಿಲ್ಲಿನ ಧರ್ಮಸಭೆ ಋತುವಿನ ಗೊಡವೆಗೆ ಹೋಗದೆ, 1964ರಿಂದ ಪ್ರತಿ ತಪಸ್ಸುಕಾಲದಲ್ಲೂ ದೇಶದುದ್ದಕ್ಕೂ ಸೋದರತೆಯ ಅಭಿಯಾನ ನಡೆಸುತ್ತಾ ಬಂದಿದೆ. ವರ್ಷಕ್ಕೊಂದು ಸಾಮಾಜಿಕ ವಿಷಯ, 2004ರಲ್ಲಿ ನೀರು. ಗರಿಗಳ ಭಾನುವಾರದಂದು ಬಡವರಿಗಾಗಿ ಕಾಣಿಕೆ ಸಂಗ್ರಹ. ಉಳಿಸಿದ್ದನ್ನು ಇನ್ನೊಬ್ಬರ ಬದುಕಿಗೆ ಸುರಿಯುವುದೇ ಬೆಳವಣಿಗೆ ಎಂಬ ತಿರುಳು ಎಲೆ ಉದುರುವ ನಾಡಿನಲ್ಲೂ ಉಳಿಯಿತು. ಋತುಗಳನ್ನು ತಮ್ಮ ನೆಲಕ್ಕೆ ತಕ್ಕಂತೆ ಮಾಡಿಕೊಳ್ಳುವುದು ಕ್ರೈಸ್ತರಿಗೆ ಹೊಸದೂ ಅಲ್ಲ. ನಮ್ಮ ಕರಾವಳಿಯ ಕಥೋಲಿಕರು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವುದು ಪಾಸ್ಖದಲ್ಲಲ್ಲ, ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ, ಮುಂಗಾರಿನ ಭತ್ತ ತೆನೆ ಬಿಡುವ ಹೊತ್ತಿಗೆ. ಮಕ್ಕಳು ಮಾತೆ ಮರಿಯಳಿಗೆ ಹೂವು ಅರ್ಪಿಸುವುದೂ ಆ ಹಬ್ಬಕ್ಕೆ ಮುಂಚಿನ ನೊವೇನ ಪ್ರಾರ್ಥನೆಯ ದಿನಗಳಲ್ಲೇ.

ಹಾಗಾದರೆ ಕರ್ನಾಟಕದ ತಪಸ್ಸುಕಾಲಕ್ಕೆ ವಸಂತದ ಹೋಲಿಕೆ ಆಮದು ಸರಕೇ? ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿಯಷ್ಟು ಸರಿಯಾಗಿ ಅದು ಹೊಂದುವ ಜಾಗಗಳು ಕಡಿಮೆ. ಬೂದಿ ಬುಧವಾರ ಫೆಬ್ರವರಿ 4ರಿಂದ ಮಾರ್ಚ್ 10ರ ನಡುವೆ, ಪಾಸ್ಖ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಬೀಳುತ್ತದೆ. ಬಹುತೇಕ ವರ್ಷಗಳಲ್ಲಿ ಯುಗಾದಿ ತಪಸ್ಸುಕಾಲದ ಒಳಗೇ ಬರುತ್ತದೆ. ಬಯಲುಸೀಮೆಯಲ್ಲಿ ಇದು ನೆಲ ಬಿರಿಯುವ, ಕೆರೆ ತಳ ಕಾಣುವ ಕಾಲ. ಮುಂಗಾರಿಗೆ ಇನ್ನೂ ಎರಡು ಮೂರು ತಿಂಗಳಿದೆ. ಶುಭಸಂದೇಶದಲ್ಲಿ ಯೇಸು ಉಪವಾಸವಿದ್ದ ಮರುಭೂಮಿ ಮಾರ್ಚ್ ತಿಂಗಳ ಚಿತ್ರದುರ್ಗದವರಿಗೋ ರಾಯಚೂರಿನವರಿಗೋ ದೂರದ ಕಲ್ಪನೆಯಲ್ಲ. ಆದರೆ ಇದೇ ಬರದಲ್ಲಿ ಮುತ್ತುಗದ ಮರ ಒಂದೂ ಎಲೆಯಿಲ್ಲದೆ ಕೆಂಡದ ಬಣ್ಣದ ಹೂ ಹೊರುತ್ತದೆ, ಬೂರುಗ ಬೋಳು ಕೊಂಬೆಗಳಲ್ಲಿ ಕೆಂಪಾಗುತ್ತದೆ. ಹೊಂಗೆ ಹಳೆಯ ಎಲೆ ಉದುರಿಸಿದ ಬೆನ್ನಿಗೇ ಎಳೆ ಹಸಿರಾಗುತ್ತದೆ, ಅರಳಿ ತಾಮ್ರದ ಬಣ್ಣದ ಚಿಗುರು ತೂಗುತ್ತದೆ. ಏಷ್ಯಾದ ಮುಂಗಾರು ಕಾಡುಗಳನ್ನು ಅಧ್ಯಯನ ಮಾಡಿದ ಸಸ್ಯವಿಜ್ಞಾನಿಗಳಿಗೆ ಇದೊಂದು ಒಗಟಾಗಿತ್ತು: ನೀರಿಗೆ ತತ್ವಾರವಿರುವ ತಿಂಗಳಲ್ಲೇ ಮರಗಳು ನೀರು ಬೇಡುವ ಹೊಸ ಎಲೆ ಬಿಡುವುದೇಕೆ? ಆಳದ ಮಣ್ಣಿನ ತೇವ, ಕಾಂಡದಲ್ಲಿ ಕೂಡಿಟ್ಟ ನೀರು, ಉದ್ದವಾಗುತ್ತಿರುವ ಹಗಲಿನ ಸೂಚನೆ ಇವುಗಳಲ್ಲಿ ಅವರಿಗೆ ಉತ್ತರ ಸಿಕ್ಕಿತು. ಮಳೆ ಬಂದ ದಿನ ಎಲೆ ಸಿದ್ಧವಾಗಿರಬೇಕಾದರೆ ಮಳೆಗಿಂತ ಮೊದಲೇ ಚಿಗುರಬೇಕು. ಯುರೋಪಿನ ಬೋಧಕನಿಗೆ ಮರುಭೂಮಿ ಮತ್ತು ವಸಂತ ಎರಡು ಬೇರೆ ಚಿತ್ರಗಳು. ಒಂದನ್ನು ದಾಟಿ ಇನ್ನೊಂದಕ್ಕೆ ಹೋಗಬೇಕೆಂದು ಅವನು ಹೇಳಬೇಕಾಗುತ್ತದೆ. ಕನ್ನಡದ ಬೋಧಕನಿಗೆ ಎರಡೂ ಒಂದೇ ಮರದಲ್ಲಿ ಕಾಣುತ್ತವೆ.

ಇಷ್ಟು ಹೇಳಿದ ಮೇಲೆ ದೈವಶಾಸ್ತ್ರಜ್ಞರ ಆಕ್ಷೇಪವನ್ನು ಎದುರಿಸಬೇಕು. ಅದು ಎಲ್ಲಕ್ಕಿಂತ ಭಾರವಾದದ್ದು. ಮರ ತನ್ನ ಸ್ವಭಾವದಿಂದ ಚಿಗುರುತ್ತದೆ. ಮನುಷ್ಯ ಹಾಗೆ ತನ್ನಷ್ಟಕ್ಕೆ ಚಿಗುರುವುದಾದರೆ ದೇವರ ಕೃಪೆಗೆ ಏನು ಕೆಲಸ? ಐದನೆಯ ಶತಮಾನದ ಆರಂಭದಲ್ಲಿ ಪೆಲಾಗಿಯಸ್ ಎಂಬ ಸಂನ್ಯಾಸಿ, ಮನುಷ್ಯ ತನ್ನ ಸಂಕಲ್ಪಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲನೆಂದು ಬೋಧಿಸಿದ. ಸಂತ ಅಗಸ್ಟೀನ್ ಅವನನ್ನು ವಿರೋಧಿಸಿದ, 418ರ ಕಾರ್ಥೇಜ್ ಸಭೆ ಆ ಬೋಧನೆಯನ್ನು ತಳ್ಳಿಹಾಕಿತು. ಉಪವಾಸ, ಪ್ರಾರ್ಥನೆ, ದಾನಗಳನ್ನು ಪಟ್ಟಿ ಮಾಡಿಕೊಂಡು ದಿನಕ್ಕಿಷ್ಟೆಂದು ಮುಗಿಸುವ ಇಂದಿನ ತಪಸ್ಸುಕಾಲದಲ್ಲಿ ಪೆಲಾಗಿಯಸ್‌ನ ನೆರಳು ಇಲ್ಲವೆನ್ನಲಾಗದು. ಇತ್ತ ಎಲ್ಲವೂ ಕೃಪೆಯೇ ಎಂದು ಕೈಕಟ್ಟಿ ಕೂರುವವರಿಗೆ ತಪಸ್ಸುಕಾಲದ ಅಗತ್ಯವೇ ಇರದು. ಈ ತೊಡಕಿಗೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಒಂದು ಒಳ್ಳೆಯ ಉತ್ತರವಿದೆ. ಕಾಫಿಯ ಹೂಮೊಗ್ಗು ಬೇಸಿಗೆಗೆ ಮುಂಚೆಯೇ ಗೆಣ್ಣುಗಳಲ್ಲಿ ಮೂಡಿ, ಒಂದು ಹಂತಕ್ಕೆ ಬೆಳೆದು ನಿಂತುಬಿಡುತ್ತದೆ. ಜನವರಿಯಿಂದಾಚೆಗೆ ವಾರಗಟ್ಟಲೆ ಮಳೆಯಿಲ್ಲ, ಎಲೆ ಬಾಡುತ್ತದೆ, ಮೊಗ್ಗು ಕಡ್ಡಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಈ ಒಣಗು ಅದಕ್ಕೆ ಬೇಕು. ನೀರಿನ ಕೊರತೆಯನ್ನು ಅನುಭವಿಸದ ಮೊಗ್ಗಿನ ನಿದ್ರೆ ಸರಿಯಾಗಿ ಮುರಿಯುವುದಿಲ್ಲ. ಆದರೆ ಎಷ್ಟು ಒಣಗಿದರೂ ಅದು ತಾನಾಗಿ ಅರಳುವುದಿಲ್ಲ. ಬೆಳೆಗಾರರು ಹೂಮಳೆ ಎನ್ನುವ ಮಾರ್ಚ್–ಏಪ್ರಿಲ್‌ನ ಮಳೆ, ಸುಮಾರು ಒಂದಿಂಚು, ಬೀಳಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೆ ಬರುತ್ತದೆ. ಮಳೆ ಅರೆಬರೆ ಬಿದ್ದರೆ ಹೂವು ಪೂರ್ತಿ ಬಿಚ್ಚಿಕೊಳ್ಳದೆ ಕೆಡುತ್ತದೆ. ಎರಡು ಮೂರು ವಾರ ಬಿಟ್ಟು ಬರುವ ಇನ್ನೊಂದು ಮಳೆ ಕಾಯಿ ಕಚ್ಚಿಸುತ್ತದೆ.

ಇಲ್ಲಿ ಒಣಗು ಮಳೆಯನ್ನು ಕೊಂಡುಕೊಳ್ಳುವುದಿಲ್ಲ ಎಂಬುದನ್ನು ಗಮನಿಸಬೇಕು. ಗಿಡ ಎಷ್ಟು ತಾಳಿತೆಂದು ಮೋಡ ಲೆಕ್ಕವಿಡುವುದಿಲ್ಲ. ಹಾಗಿದ್ದೂ ಒಣಗದ ಗಿಡದ ಮೇಲೆ ಬಿದ್ದ ಮಳೆ ಅದೇ ಹೂವನ್ನು ತಾರದು. ಕ್ರೈಸ್ತರ ಉಪವಾಸ ಈ ಬಗೆಯದು. ಅದು ದೇವರಿಂದ ಏನನ್ನೂ ಸಂಪಾದಿಸುವುದಿಲ್ಲ. ಸಿಕ್ಕಿದ್ದನ್ನು ಹಿಡಿದುಕೊಳ್ಳಬಲ್ಲ ಸ್ಥಿತಿಗೆ ಮನುಷ್ಯನನ್ನು ತರುತ್ತದೆ. ಕೊರಿಂಥದ ಕ್ರೈಸ್ತರು ತಮ್ಮ ಗುರುಗಳ ಹೆಸರಿನಲ್ಲಿ ಪಂಗಡ ಕಟ್ಟಿಕೊಂಡಾಗ ಸಂತ ಪೌಲ ಬರೆದದ್ದೂ ಇದನ್ನೇ: ತಾನು ನೆಟ್ಟವನು, ಅಪೊಲ್ಲೋಸ ನೀರೆರೆದವನು, ಬೆಳೆಸಿದವನು ಮಾತ್ರ ದೇವರು. ನೆಡುವ, ನೀರೆರೆಯುವ ಕೆಲಸವನ್ನು ಪೌಲ ಅಲ್ಲಗಳೆಯಲಿಲ್ಲ, ಅದಕ್ಕೆ ಅದರ ಜಾಗ ತೋರಿಸಿದ.

ಇನ್ನೊಂದು ಆಕ್ಷೇಪ ಚರ್ಚಿನ ಹೊರಗಿನಿಂದ ಬಂದದ್ದು. ಜೇಮ್ಸ್ ಫ್ರೇಜರ್ 1890ರಲ್ಲಿ ಮೊದಲು ಪ್ರಕಟಿಸಿ ಮುಂದೆ ಹಲವು ಸಂಪುಟಗಳಿಗೆ ಬೆಳೆಸಿದ 'ದಿ ಗೋಲ್ಡನ್ ಬೋ' ಗ್ರಂಥದಲ್ಲಿ ಸಿಸಿಲಿಯ ಹೆಂಗಸರ ಒಂದು ಪದ್ಧತಿ ಬರುತ್ತದೆ. ಪಾಸ್ಖ ಹತ್ತಿರವಾದಾಗ ಅವರು ತಟ್ಟೆಗಳಲ್ಲಿ ಗೋಧಿ, ಅವರೆಯ ಜಾತಿಯ ಕಾಳುಗಳನ್ನು ಬಿತ್ತಿ ಕತ್ತಲಲ್ಲಿ ಇಡುತ್ತಾರೆ, ಎರಡು ದಿನಕ್ಕೊಮ್ಮೆ ನೀರು ಚಿಮುಕಿಸುತ್ತಾರೆ. ಮೊಳಕೆ ಎತ್ತರಕ್ಕೆ ಏಳುತ್ತದೆ. ಬೆಳಕು ಕಾಣದ್ದರಿಂದ ಹಸಿರು ಹತ್ತುವುದಿಲ್ಲ, ಒಣಹುಲ್ಲಿನ ಮಾಸಲು ಹಳದಿ. ಆ ತೆಳ್ಳನೆಯ ದಂಟುಗಳನ್ನು ಕೆಂಪು ರಿಬ್ಬನ್ನಿನಿಂದ ಕಟ್ಟಿ, ಪವಿತ್ರ ವಾರದಲ್ಲಿ ಚರ್ಚಿನಲ್ಲಿ ಅಣಿಗೊಳಿಸುವ ಕ್ರಿಸ್ತನ ಸಮಾಧಿಯ ಮುಂದೆ ಇಡುತ್ತಾರೆ. ಸಾರ್ಡೀನಿಯಾದಲ್ಲೂ ಇದು ಇದೆ. ಫ್ರೇಜರ್‌ಗೆ ಈ ತಟ್ಟೆಗಳಲ್ಲಿ ಕಂಡದ್ದು ಪ್ರಾಚೀನ ಗ್ರೀಸಿನ ಅಡೋನಿಸ್ ದೇವತೆಯ ತೋಟ: ಮಡಕೆಯ ಚೂರುಗಳಲ್ಲಿ ಸೊಪ್ಪು ಸದೆ ಬಿತ್ತಿ, ಬೇಗ ಮೊಳೆಸಿ, ಬಾಡಿದೊಡನೆ ನೀರಿಗೆ ಬಿಡುತ್ತಿದ್ದ ಆಚರಣೆ. ಸತ್ತು ಹುಟ್ಟುವ ಸಸ್ಯದೇವತೆಗಳ ಸಾಲಿನಲ್ಲಿ ಕ್ರಿಸ್ತನನ್ನೂ ನಿಲ್ಲಿಸಿ, ಪಾಸ್ಖವೆಂದರೆ ಹೆಸರು ಬದಲಿಸಿದ ವಸಂತೋತ್ಸವ ಎನ್ನುವವರಿಗೆ ಈ ಗ್ರಂಥ ಇಂದಿಗೂ ಆಧಾರ.

ತಟ್ಟೆಯ ಪದ್ಧತಿ ಹಳೆಯದಿರಬಹುದು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಪಾಸ್ಖದ ತಾರೀಕು ಅಡೋನಿಸ್‌ನಿಂದ ಬಂದದ್ದಲ್ಲ. ಅದು ಯೆಹೂದ್ಯರ ಪಾಸ್ಖದಿಂದ ಬಂದದ್ದು. ಕ್ರಿ.ಶ. 155ರ ಸುಮಾರಿಗೆ ಸ್ಮಿರ್ನಾದ ವೃದ್ಧ ಬಿಷಪ್ ಪಾಲಿಕಾರ್ಪ್ ರೋಮಿಗೆ ಹೋದಾಗ ಅಲ್ಲಿನ ಬಿಷಪ್ ಅನಿಸೀಟಸ್ ಜೊತೆ ಅವನಿಗಿದ್ದ ಭಿನ್ನಾಭಿಪ್ರಾಯ, ಯೆಹೂದ್ಯರ ಪಾಸ್ಖದ ತಿಂಗಳ 14ನೆಯ ದಿನವನ್ನೇ ಹಿಡಿಯಬೇಕೇ ಭಾನುವಾರಕ್ಕೆ ಕಾಯಬೇಕೇ ಎಂಬುದು. ಯೆಹೂದ್ಯರ ಪಾಸ್ಖದಲ್ಲೂ ಹೊಲದ ವಾಸನೆಯಿದೆ: ಜವೆಗೋಧಿಯ ಮೊದಲ ಸಿವುಡನ್ನು ದೇವರಿಗೆ ಅರ್ಪಿಸುವ ದಿನಗಳವು. ಆದರೆ ಆ ಹಬ್ಬ ನೆನೆಯುವುದು ಋತುಚಕ್ರವನ್ನಲ್ಲ, ಗುಲಾಮರ ಬಿಡುಗಡೆಯನ್ನು. ಪೌಲ ಎದ್ದುಬಂದ ಕ್ರಿಸ್ತನನ್ನು ಪ್ರಥಮ ಫಲವೆಂದು ಕರೆದದ್ದು ಆ ಸಿವುಡನ್ನು ಕಣ್ಮುಂದಿಟ್ಟುಕೊಂಡೇ. ಅಡೋನಿಸ್ ಪ್ರತಿ ವರ್ಷ ಸಾಯಬೇಕು. ಮೊದಲ ಸಿವುಡಾದರೋ ಹಿಂದಿರುಗದು, ಹೊಲದಲ್ಲಿ ಉಳಿದ ಪೈರೂ ಬರಲಿದೆ ಎಂಬ ಭರವಸೆ ಅದು. ಪಾಸ್ಖವಾಗಿ ಏಳು ವಾರಕ್ಕೆ ಗೋಧಿಯ ಕೊಯ್ಲಿನ ಹಬ್ಬ, ಕ್ರೈಸ್ತರಿಗೆ ಪೆಂತೆಕೋಸ್ತ್. 40 ದಿನಗಳ ಒಣಗಿಗೆ ಎದುರಾಗಿ 50 ದಿನಗಳ ಪಾಸ್ಖಕಾಲವಿರುವುದು ಈ ಲೆಕ್ಕದಲ್ಲಿ. ಪ್ಲೇಟೋ ತನ್ನ 'ಫೀಡ್ರಸ್' ಸಂವಾದದಲ್ಲಿ, ಬುದ್ಧಿಯುಳ್ಳ ರೈತ ಎಂಟು ದಿನದ ಅಡೋನಿಸ್ ತೋಟಕ್ಕೆ ತನ್ನ ಒಳ್ಳೆಯ ಬೀಜ ಹಾಕುವನೇ ಎಂದು ಸಾಕ್ರೆಟೀಸನಿಂದ ಕೇಳಿಸುತ್ತಾನೆ. ತಪಸ್ಸುಕಾಲದಲ್ಲಿ ಕಾಫಿ, ಸಿಹಿ, ಮೊಬೈಲು ಬಿಟ್ಟು ಪಾಸ್ಖದ ಮರುದಿನ ಎಲ್ಲವನ್ನೂ ಇಮ್ಮಡಿಯಾಗಿ ಹಿಡಿಯುವವರಿಗೆ ಆ ಪ್ರಶ್ನೆಯನ್ನು ಕೇಳಬಹುದು. ಬಿಡುವುದು ತಪ್ಪಲ್ಲ, ಅದು ಬೇರಿಗೆ ಇಳಿಯದಿದ್ದರೆ ಎಂಟು ದಿನದ ಮೊಳಕೆಯಾಗುತ್ತದೆ.

ಕೊನೆಯ ಆಕ್ಷೇಪ ಹೃದಯಕ್ಕೆ ಸಂಬಂಧಿಸಿದ್ದು, ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಮಗುವನ್ನು ಕಳೆದುಕೊಂಡ ತಾಯಿಗೆ, ವಾಸಿಯಾಗದ ಕಾಯಿಲೆಯವರಿಗೆ ಚಳಿಗಾಲ ಕಳೆದು ವಸಂತ ಬಂದೇ ಬರುತ್ತದೆ ಎನ್ನುವುದು ಕ್ರೌರ್ಯವಲ್ಲವೇ? ಹಾಗೆ ಹೇಳಿದರೆ ಕ್ರೌರ್ಯವೇ. ಪಂಚಾಂಗದ ವಸಂತ ಯಾರ ನೋವನ್ನೂ ಕೇಳುವುದಿಲ್ಲ. ಲೂಕನ ಶುಭಸಂದೇಶದ 13ನೆಯ ಅಧ್ಯಾಯ ಈ ಪ್ರಶ್ನೆಯನ್ನು ನೇರವಾಗಿ ಎತ್ತುತ್ತದೆ. ರೋಮನ್ ರಾಜ್ಯಪಾಲ ಪಿಲಾತ ಕೊಲ್ಲಿಸಿದ ಗಲಿಲೇಯರ ಸುದ್ದಿಯನ್ನು ಜನ ಯೇಸುವಿಗೆ ತರುತ್ತಾರೆ. ಅವನು ಸಿಲೋವದ ಗೋಪುರ ಕುಸಿದು ಸತ್ತ 18 ಮಂದಿಯನ್ನೂ ನೆನೆದು, ಇವರೇನೂ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದು ಖಚಿತವಾಗಿ ಹೇಳುತ್ತಾನೆ. ಬಳಲಿದವರ ಮೇಲೆ ತಪ್ಪು ಹೊರಿಸುವ ದಾರಿಯನ್ನು ಮುಚ್ಚಿದ ಮೇಲೆಯೇ ಅಂಜೂರದ ಮರದ ಕತೆ ಬರುತ್ತದೆ. ಮೂರು ವರ್ಷ ಹಣ್ಣು ಹುಡುಕಿ ಬಂದ ಒಡೆಯ ಕಡಿದುಹಾಕು ಎನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳಿಕೊಳ್ಳುತ್ತಾನೆ: ಸುತ್ತ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ. ಮರುವರ್ಷ ಹಣ್ಣು ಬಿಟ್ಟಿತೋ ಇಲ್ಲವೋ ಲೂಕ ಬರೆಯುವುದಿಲ್ಲ. ಇಲ್ಲಿ ವಸಂತ ಖಾತ್ರಿಯಲ್ಲ, ಕೊಟ್ಟಿರುವ ಅವಕಾಶ. ಬರಿದಾದ ಮರಕ್ಕೆ ಕತೆಯಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ಅದರ ಪರವಾಗಿ ಒಬ್ಬ ಮಾತಾಡುತ್ತಾನೆ, ಗುದ್ದಲಿ ಹಿಡಿಯುತ್ತಾನೆ. ದುಃಖದಲ್ಲಿರುವವರ ಬಳಿ ವಸಂತದ ಮಾತಾಡುವ ಅರ್ಹತೆ ಹಾಗೆ ಅಗೆಯಲು ಬಂದವರಿಗೆ ಮಾತ್ರ ಇದೆ ಎಂದು ನಾನು ನಂಬುತ್ತೇನೆ.

ತಪಸ್ಸುಕಾಲದ ಮೂಲದಲ್ಲೂ ಇದೇ ಇದೆ. ದೀಕ್ಷಾಸ್ನಾನಕ್ಕೆ ಮುಂಚೆ, ಪಡೆಯುವವನು ಮಾತ್ರವಲ್ಲ, ಕೊಡುವವನೂ, ಸಾಧ್ಯವಾದಷ್ಟು ಇತರರೂ ಉಪವಾಸವಿರಬೇಕೆಂದು ಆದಿ ಕ್ರೈಸ್ತರ 'ಡಿಡಖೆ' ಎಂಬ ಕೈಪಿಡಿ ವಿಧಿಸುತ್ತದೆ. ಎರಡನೆಯ ಶತಮಾನದಲ್ಲಿ ಹುತಾತ್ಮ ಜಸ್ಟಿನ್ ಕೂಡ, ದೀಕ್ಷೆಗೆ ಬಂದವರ ಜೊತೆ ನಾವೂ ಪ್ರಾರ್ಥಿಸಿ ಉಪವಾಸವಿರುತ್ತೇವೆ ಎಂಬರ್ಥದಲ್ಲಿ ಚಕ್ರವರ್ತಿಗೆ ವಿವರಿಸಿದ. ಇನ್ನೊಬ್ಬನ ಚಿಗುರಿಗಾಗಿ ತನ್ನ ಪಿಷ್ಟವನ್ನು ಕೊಡುವ ಉಪವಾಸ ಅದು. ಬೂದಿ ಬುಧವಾರದ ಮರುದಿನಗಳಲ್ಲಿ ಓದುವ ಯೆಶಾಯನ 58ನೆಯ ಅಧ್ಯಾಯ ಉಪವಾಸದ ಅರ್ಥವನ್ನು ಬಂಧಿತರ ಬಿಡುಗಡೆಗೆ, ಹಸಿದವರ ಜೊತೆ ರೊಟ್ಟಿ ಹಂಚಿಕೊಳ್ಳುವುದಕ್ಕೆ ಕಟ್ಟಿಹಾಕಿದ ಮೇಲೆಯೇ ನೀರುಂಡ ತೋಟದ ಚಿತ್ರ ಕೊಡುತ್ತದೆ. ವಯಸ್ಕರ ದೀಕ್ಷೆಯ ಹಳೆಯ ಕ್ರಮವನ್ನು ಕಥೋಲಿಕ ಧರ್ಮಸಭೆ 1972ರಲ್ಲಿ ಮತ್ತೆ ಜಾರಿಗೆ ತಂದಿತು. ಅದರಂತೆ ತಪಸ್ಸುಕಾಲದ ಮೊದಲ ಭಾನುವಾರ ದೀಕ್ಷಾರ್ಥಿಗಳ ಆಯ್ಕೆ ನಡೆಯುತ್ತದೆ. ಮೂರು, ನಾಲ್ಕು, ಐದನೆಯ ಭಾನುವಾರಗಳಲ್ಲಿ ಸಭೆಯೆಲ್ಲ ಅವರಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತದೆ. ಹಲವು ಊರುಗಳ ಚರ್ಚುಗಳಲ್ಲಿ ಈ ವಿಧಿಗಳನ್ನು ಅವಸರದಲ್ಲಿ ಮುಗಿಸುವುದುಂಟು, ಕೆಲವೆಡೆ ದೀಕ್ಷಾರ್ಥಿಗಳೇ ಇಲ್ಲದ್ದರಿಂದ ಬಿಟ್ಟುಬಿಡುವುದೂ ಉಂಟು. ತಪಸ್ಸುಕಾಲ ವಸಂತವಾಗಬೇಕೆಂದು ಬಯಸುವ ಪಾಲಕ ಗುರುಗಳು ಮೊದಲು ಕೈಹಾಕಬೇಕಾದದ್ದು ಇಲ್ಲಿಗೆ: ತಮ್ಮ ಊರಿನಲ್ಲಿ ಈ ವರ್ಷ ಯಾರ ಜೊತೆಗೆ, ಯಾರಿಗಾಗಿ ಉಪವಾಸವಿರುತ್ತೇವೆಂದು ಹೆಸರು ಹಿಡಿದು ಹೇಳುವುದಕ್ಕೆ.